ಭಾತಂಬ್ರಾದ ಮಳೆ, ಹಿಮಾಲಯದ ಹಿಮ



ಭಾಲ್ಕಿ ತಾಲೂಕಿನ ಭಾತಂಬ್ರಾದಲ್ಲಿ ಹಿಮ ಬೀಳುವುದಿಲ್ಲ. ಆದರೂ ಅಲ್ಲಿ ಹೆಸರು, ಉದ್ದು, ತೊಗರಿ ಬಿತ್ತುವ ರೈತನಿಗೂ 1,500 ಕಿಲೋಮೀಟರ್ ದೂರದ ಹಿಮಾಲಯದ ಹಿಮಕ್ಕೂ ನಂಟುಂಟು. ಅದು ಹೇಗೆಂದು ನೋಡೋಣ.

ಚಳಿಗಾಲದಲ್ಲಿ ಬೀದರ್ ನಮ್ಮ ರಾಜ್ಯದ ಅತ್ಯಂತ ತಣ್ಣನೆಯ ಊರುಗಳಲ್ಲೊಂದು. ಆದರೆ ಹಿಮ ಬೀಳಲು ಚಳಿಯೊಂದೇ ಸಾಲದು. ಮೋಡ ಬೇಕು, ಮೋಡದಿಂದ ನೆಲದವರೆಗಿನ ಗಾಳಿಯೂ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರಬೇಕು. ನಮ್ಮಲ್ಲಿ ಆ ಸೊನ್ನೆ ಡಿಗ್ರಿ ಸಿಗುವುದು ಸುಮಾರು ನಾಲ್ಕೈದು ಕಿಲೋಮೀಟರ್ ಎತ್ತರದಲ್ಲಿ. ಮೇಲೆ ಹುಟ್ಟಿದ ಹಿಮದ ಹರಳು ಕೆಳಗಿಳಿಯುವಾಗ ಕರಗಿ ಮಳೆಹನಿಯಾಗುತ್ತದೆ.

ಹಾಗಾದರೆ ಬೇಸಿಗೆಯ ಆಲಿಕಲ್ಲು ಹಿಮವಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಕಾದ ನೆಲದಿಂದ ರಭಸವಾಗಿ ಮೇಲೇಳುವ ಗಾಳಿ ನೀರಹನಿಗಳನ್ನು ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿ ಅವು ಹೆಪ್ಪುಗಟ್ಟಿ, ಪದರದ ಮೇಲೆ ಪದರ ಕೂಡಿ ಭಾರವಾಗುತ್ತವೆ. ಪೂರ್ತಿ ಕರಗುವ ಮೊದಲೇ ನೆಲ ಮುಟ್ಟುತ್ತವೆ. 2014ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದಲ್ಲೂ ಬೀದರ್ ಸೇರಿದಂತೆ ಉತ್ತರ ಕರ್ನಾಟಕದಲ್ಲೂ ಆಲಿಕಲ್ಲು ಮಳೆ ಬೆಳೆದು ನಿಂತ ಪೈರನ್ನು ಹಾಳುಮಾಡಿತು.

ಇನ್ನು ನಿಜವಾದ ಹಿಮ. ಪಶ್ಚಿಮ ಹಿಮಾಲಯದಲ್ಲಿ ಅಕ್ಟೋಬರ್‌ನಿಂದ ಹಿಮದ ಹೊದಿಕೆ ಹರಡತೊಡಗುತ್ತದೆ. ಮೆಡಿಟರೇನಿಯನ್ ಕಡೆಯಿಂದ ಬರುವ ವಾಯುಭಾರ ಕುಸಿತಗಳು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಶ್ಮೀರ, ಲಾಹೌಲ್‌ಗಳಲ್ಲಿ ಹಿಮ ಸುರಿಸುತ್ತವೆ. ಫೆಬ್ರವರಿ ಹೊತ್ತಿಗೆ ಹೊದಿಕೆ ಅತ್ಯಂತ ವಿಸ್ತಾರ. ಏಪ್ರಿಲ್‌ನಿಂದ ಕರಗಿ, ಆಗಸ್ಟ್ ವೇಳೆಗೆ ಎತ್ತರದ ಶಿಖರ, ಹಿಮನದಿಗಳಲ್ಲಷ್ಟೇ ಉಳಿಯುತ್ತದೆ. ಲೇಹ್‌ನಲ್ಲಿ ಚಳಿ ಕೊರೆದರೂ ಹಿಮ ಕಡಿಮೆ. ಅಲ್ಲಿನ ಗಾಳಿಯಲ್ಲಿ ತೇವವೇ ವಿರಳ.

ಭಾಲ್ಕಿಯ ಎರೆಭೂಮಿ ಬಿಸಿಲನ್ನು ಬಹುಪಾಲು ಹೀರಿಕೊಳ್ಳುತ್ತದೆ. ಹೊಸ ಹಿಮವಾದರೋ ನೂರರಲ್ಲಿ 80 ಪಾಲಿಗೂ ಹೆಚ್ಚು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಉಳಿದ ಶಾಖವೂ ಹಿಮ ಕರಗಿಸುವುದಕ್ಕೇ ವೆಚ್ಚವಾಗುತ್ತದೆ. ಹಿಮ ಹೆಚ್ಚಿದ ವರ್ಷ ಏಷ್ಯಾದ ನೆಲ ತಡವಾಗಿ ಕಾಯುತ್ತದೆ. ನೆಲಕ್ಕೂ ಕಡಲಿಗೂ ನಡುವಿನ ಉಷ್ಣತೆಯ ಅಂತರ ತಗ್ಗಿದರೆ, ಮುಂಗಾರಿನ ಬಲವೂ ತಗ್ಗಬಹುದು.

1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಈ ನಂಟನ್ನು 1884ರಲ್ಲಿ ಪ್ರಕಟಿಸಿದರು. ದಖ್ಖಣದ ಜನರನ್ನು ನರಳಿಸಿದ 1876–78ರ ಭೀಕರ ಬರದ ನೆನಪು ಆಗಿನ್ನೂ ಹಸಿಯಾಗಿತ್ತು. 1988ರಲ್ಲಿ ಇಲಾಖೆ ಬಳಕೆಗೆ ತಂದ 16 ಅಂಶಗಳ ಮುನ್ಸೂಚನಾ ವಿಧಾನದಲ್ಲೂ ಹಿಮಕ್ಕೆ ಸ್ಥಾನವಿತ್ತು. 2024ರ ಜನವರಿಯಿಂದ ಮಾರ್ಚ್‌ವರೆಗೆ ಉತ್ತರಾರ್ಧಗೋಳದಲ್ಲಿ ಹಿಮದ ಹೊದಿಕೆ ವಾಡಿಕೆಗಿಂತ ಕಡಿಮೆಯಿತ್ತು; ಆ ವರ್ಷ ದೇಶದ ಮುಂಗಾರು ದೀರ್ಘಾವಧಿ ಸರಾಸರಿಯ ಶೇ. 108ರಷ್ಟಾಯಿತು.

ಹಿಮ ಕಡಿಮೆಯಾದರೆ ಮಳೆ ಖಚಿತ ಎಂದು ಮಾತ್ರ ತೀರ್ಮಾನಿಸಬೇಡಿ. ಪೆಸಿಫಿಕ್ ಸಾಗರದ ಎಲ್ ನಿನೊ ಈ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು. ದೇಶದ ಸರಾಸರಿ ಎಷ್ಟೇ ಚೆನ್ನಾಗಿದ್ದರೂ ಭಾತಂಬ್ರಾದ ಹೊಲಕ್ಕೆ ಬೇಕಾದ ವಾರ ಮಳೆ ತಪ್ಪಬಹುದು. ತಪ್ಪಿದರೆ ಬಿತ್ತಿದ ಬೀಜವೂ ಹೋಯಿತು, ಅದಕ್ಕೆ ತಂದ ಸಾಲವೂ ಉಳಿಯಿತು.

ಆದ್ದರಿಂದ ನಿಮ್ಮೂರಿನ ಲೆಕ್ಕ ನೀವೇ ಇಡಿ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ, ನೆರಳಿನಲ್ಲಿ ಒಂದು ಉಷ್ಣತಾಮಾಪಕ, ಜೊತೆಗೊಂದು ನೋಟ್‌ಬುಕ್ ಸಾಕು. ದಿನವೂ ಬೆಳಿಗ್ಗೆ 8.30ಕ್ಕೆ ಓದಿ ಬರೆಯಿರಿ. ಹವಾಮಾನ ಇಲಾಖೆ ಮಳೆ ಅಳೆಯುವುದೂ ಅದೇ ಹೊತ್ತಿಗೆ. ಆಲಿಕಲ್ಲು ಬಿದ್ದ ದಿನವನ್ನು ತಪ್ಪದೆ ಗುರುತಿಸಿ. ಹತ್ತು ವರ್ಷದ ಅಂಥ ಪುಸ್ತಕವೊಂದು ನಿಮ್ಮೂರಲ್ಲಿದ್ದರೆ, ಬಿತ್ತನೆಯ ಮುನ್ನ ರೈತರು ಅದನ್ನು ಕೇಳಿಕೊಂಡು ಬಂದಾರು.