ಕಿವಿಯ ಸಾಮಾನುಗಳು

ಈ ಭಾಷಣವನ್ನು ಓದಲು ಕುಳಿತಾಗ ಧ್ವನಿಮುದ್ರಣದ ಕೊಠಡಿಯಲ್ಲಿ ಒಂದು ಸಣ್ಣ ಪ್ರಸಂಗ ನಡೆಯಿತು. ಅಲ್ಲಿನ ತರುಣರೊಬ್ಬರು ನನ್ನ ಕಿವಿಗಳ ಮೇಲೆ ಹೆಡ್‌ಫೋನ್ ಇಟ್ಟರು. ಇಟ್ಟೊಡನೆ ಎಲ್ಲಿಂದಲೋ ಸಿಳ್ಳಿನಂತಹ ಸದ್ದು ಹೊರಟಿತು. ಅವರು ತಂತಿಗಳನ್ನು ಕಿತ್ತು ಮತ್ತೆ ಸಿಕ್ಕಿಸಿದರು, ಗುಂಡಿಗಳನ್ನು ತಿರುಗಿಸಿದರು, ಪಕ್ಕದ ಕೋಣೆಯವರನ್ನು ಕರೆದರು. ದೋಷ ಅವರ ಯಂತ್ರದ್ದಲ್ಲ, ನನ್ನ ಕಿವಿಯಲ್ಲಿರುವ ಯಂತ್ರದ್ದು ಎಂದು ಹೇಳಲು ನನಗೆ ಎರಡು ನಿಮಿಷ ಬಾಯಿ ಬರಲಿಲ್ಲ. ಶ್ರವಣ ಸಾಧನದ ಮೇಲೆ ಏನನ್ನಾದರೂ ಮುಚ್ಚಿದರೆ ಅದರಿಂದ ಹೊರಟ ಸದ್ದು ಅದರ ಮೈಕಿಗೇ ಹಿಂದಿರುಗಿ, ಅಲ್ಲಿ ಮತ್ತೆ ದೊಡ್ಡದಾಗಿ, ಹೀಗೆ ಸುತ್ತುತ್ತ ಸುತ್ತುತ್ತ ಸಿಳ್ಳಾಗುತ್ತದೆ. ಕೊನೆಗೆ ಹೇಳಿದೆ. ಆ ತರುಣರು, “ಅಷ್ಟೇನಾ ಸಾರ್?” ಎಂದು ಹೆಡ್‌ಫೋನನ್ನು ತೆಗೆದಿಟ್ಟರು. ಅಷ್ಟೇ ಆಗಿತ್ತು. ಆದರೂ ಆ ಎರಡು ನಿಮಿಷ ನಾನೇಕೆ ಸುಮ್ಮನಿದ್ದೆ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ಇಂದು ಆಡಬೇಕೆಂದು ಬರೆದು ತಂದ ಮಾತುಗಳೂ ಅದಕ್ಕೆ ಸಂಬಂಧಿಸಿದವೇ ಆಗಿದ್ದವು.

ನಾನು ಯಂತ್ರಶಾಸ್ತ್ರವನ್ನು ಬಲ್ಲವನಲ್ಲ. ಕಾಲೇಜಿನಲ್ಲಿ ಹಳಗನ್ನಡವನ್ನೂ ಛಂದಸ್ಸನ್ನೂ ಹೇಳಿಕೊಟ್ಟು ನಿವೃತ್ತನಾದವನು. ಆದರೆ ಕಿವಿಗೆ ಸಂಬಂಧಿಸಿದ ನಾಲ್ಕಾರು ಸಾಮಾನುಗಳು ಈ ಅರುವತ್ತು ವರ್ಷಗಳಲ್ಲಿ ನನ್ನ ಕೈ ಹಾಯ್ದು ಹೋಗಿವೆ. ಕೈಗೆ ತೋರಿದ್ದನ್ನು ಹೇಳಲು ಶಾಸ್ತ್ರಜ್ಞಾನ ಬೇಕಿಲ್ಲ.

ಮೊದಲನೆಯದು ನಮ್ಮ ತಂದೆಯವರ ಟ್ರಾನ್ಸಿಸ್ಟರ್. ಭದ್ರಾವತಿಯ ಆಕಾಶವಾಣಿ ಕೇಂದ್ರ ೧೯೬೫ರಲ್ಲಿ ಆರಂಭವಾಯಿತಷ್ಟೆ; ಅದಾದ ಕೆಲವು ವರ್ಷಗಳಿಗೆ ಆ ಪೆಟ್ಟಿಗೆ ನಮ್ಮ ಮನೆಗೆ ಬಂದಿತು. ಅದನ್ನು ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಪರವಾನಗಿ ಶುಲ್ಕ ಕಟ್ಟಬೇಕಾಗಿದ್ದ ಕಾಲ ಅದು. ನನ್ನ ನೆನಪಿನಲ್ಲಿ ಪೆಟ್ಟಿಗೆಗಿಂತ ಅದರ ಕವಚವೇ ಸ್ಪಷ್ಟವಾಗಿ ಉಳಿದಿದೆ. ಕಂದು ಬಣ್ಣದ ಚರ್ಮ, ಸದ್ದು ಹೊರಬರಲೆಂದು ಸಾಲಾಗಿ ಕೊರೆದ ಸಣ್ಣ ರಂಧ್ರಗಳು, ಒತ್ತಿದರೆ ಕಟ್ಟೆನ್ನುವ ಹಿತ್ತಾಳೆಯ ಗುಂಡಿಗಳು, ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತಿತ್ತು; ತಾಯಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದರು. ಆ ಪಟ್ಟಿಗೆ ಹೊಲಿದ ಪುಟ್ಟ ಚೀಲದಲ್ಲಿ ಒಂದೇ ಕಿವಿಗೆ ಸಿಕ್ಕಿಸುವ ಇಯರ್‌ಫೋನ್ ಇತ್ತು. ಅದನ್ನು ಯಾರೂ ಮುಟ್ಟಿದ್ದನ್ನು ನಾನು ಕಂಡಿಲ್ಲ. ಜಗಲಿಯಲ್ಲಿ ಹತ್ತು ಜನ ಕುಳಿತಿರುವಾಗ ಒಬ್ಬನೇ ವಾರ್ತೆ ಕೇಳುವುದೆಂದರೆ, ಹತ್ತು ಜನರೆದುರು ಒಬ್ಬನೇ ಹೋಳಿಗೆ ತಿಂದಂತೆ ಎಂಬ ಭಾವನೆ ಇದ್ದಿರಬೇಕು. ಪೆಟ್ಟಿಗೆ ಕೆಟ್ಟು ಹೋದ ಮೇಲೂ ಆ ಕವಚ ಬಹಳ ಕಾಲ ಉಳಿಯಿತು. ಅದರಲ್ಲಿ ನಮ್ಮ ಅಜ್ಜಿ ಅಡಕತ್ತರಿಯನ್ನು ಇಟ್ಟುಕೊಳ್ಳುತ್ತಿದ್ದರು.

ಒಬ್ಬನೇ ಕೇಳುವ ಕಾಲ ೧೯೭೯ರಲ್ಲಿ ಬಂದಿತು. ಆ ವರ್ಷದ ಜುಲೈ ತಿಂಗಳಲ್ಲಿ ಜಪಾನಿನ ಸೋನಿ ಕಂಪನಿ ವಾಕ್‌ಮನ್ ಎಂಬ ಸಣ್ಣ ಕ್ಯಾಸೆಟ್ ಯಂತ್ರವನ್ನು ಮಾರಾಟಕ್ಕೆ ತಂದಿತು. ಕೊಲ್ಲಿ ದೇಶದಿಂದ ಬಂದಿದ್ದ ಸಹಪಾಠಿಯ ಅಣ್ಣನೊಬ್ಬನ ಕೈಯಲ್ಲಿ ಅದನ್ನು ಕಂಡು, ಕೇಳಿ ಪಡೆದು, ಹತ್ತು ನಿಮಿಷ ಕಿವಿಗಿಟ್ಟುಕೊಂಡಿದ್ದೆ. ಅದರಲ್ಲಿ ಹೆಡ್‌ಫೋನ್ ಸಿಕ್ಕಿಸಲು ಒಂದಲ್ಲ, ಎರಡು ರಂಧ್ರಗಳಿದ್ದವು. ಜೊತೆಗೆ ಕಿತ್ತಳೆ ಬಣ್ಣದ ಒಂದು ಗುಂಡಿ; ಅದನ್ನು ಒತ್ತಿದರೆ ಹಾಡು ತಗ್ಗಿ, ಹೊರಗಿನ ಮಾತು ಮೈಕಿನ ಮೂಲಕ ಕಿವಿಗೆ ಬೀಳುತ್ತಿತ್ತು. ತಯಾರಿಸಿದವರಿಗೂ ಮನಸ್ಸಿನ ಮೂಲೆಯಲ್ಲಿ ನಮ್ಮ ಜಗಲಿಯ ಸಂಕೋಚವೇ ಇತ್ತೆಂದು ಕಾಣುತ್ತದೆ. ಮುಂದಿನ ಮಾದರಿಗಳಲ್ಲಿ ಆ ಗುಂಡಿ ಉಳಿಯಲಿಲ್ಲ.

ಇನ್ನು ನಡುವಿನ ಕಾಲವನ್ನು ದಾಟಿ ಬರುತ್ತೇನೆ. ನಿವೃತ್ತನಾದ ಮೇಲೆ ಮಗ ನನಗೊಂದು ಜೊತೆ ಇಯರ್‌ಬಡ್ಸ್ ತಂದುಕೊಟ್ಟ. ತಂತಿಯಿಲ್ಲದ, ಗೋಡಂಬಿಯಷ್ಟು ಗಾತ್ರದ ಎರಡು ಬಿಳಿಯ ತುಣುಕುಗಳು. ಅವುಗಳಿಗೊಂದು ಡಬ್ಬಿ. ಯಂತ್ರಕ್ಕಿಂತ ಮೊದಲು ನನಗೆ ಮೆಚ್ಚಿಗೆಯಾದದ್ದು ಈ ಡಬ್ಬಿ. ನಮ್ಮ ಗುರುಗಳೊಬ್ಬರ ನಶ್ಯದ ಡಬ್ಬಿಯ ಹಾಗೆ ಅಂಗೈಯಲ್ಲಿ ಅಡಗುತ್ತದೆ, ಅಯಸ್ಕಾಂತದಿಂದ ಟಪ್ಪನೆ ಮುಚ್ಚಿಕೊಳ್ಳುತ್ತದೆ. ತುಣುಕುಗಳು ಅದರೊಳಗೆ ಮಲಗಿದಾಗಲೇ ವಿದ್ಯುತ್ತನ್ನು ತುಂಬಿಕೊಳ್ಳುತ್ತವೆ. ಕಿವಿಗೆ ಹೊಂದುವ ರಬ್ಬರ್ ಟೋಪಿಗಳು ಮೂರು ಅಳತೆಯಲ್ಲಿ ಬಂದಿದ್ದವು. ನನ್ನ ಬಲಗಿವಿಗೆ ನಡುವಣದು, ಎಡಗಿವಿಗೆ ಚಿಕ್ಕದು ಸರಿಹೋಯಿತು. ನನ್ನ ಎರಡು ಕಿವಿಗಳು ಒಂದೇ ಅಳತೆಯವಲ್ಲ ಎಂಬುದು ನನಗೆ ಅರುವತ್ತೈದನೆಯ ವಯಸ್ಸಿನಲ್ಲಿ ತಿಳಿಯಿತು. ಅವುಗಳ ದುರ್ಗುಣವೆಂದರೆ ಮುಟ್ಟಿದರೆ ಮುನಿಯುವುದು. ಜಾರುತ್ತಿದೆಯೆಂದು ಸರಿಪಡಿಸಲು ಬೆರಳು ತಾಗಿಸಿದರೆ ಅದನ್ನು ಆಜ್ಞೆಯೆಂದು ತಿಳಿದು ಫೋನಿನ ಮಾತನ್ನೇ ಕಡಿದುಹಾಕುತ್ತವೆ. ಹೀಗೆ ಒಮ್ಮೆ ಬೀಗರೊಡನೆ ಮಾತು ನಾಲ್ಕು ಸಲ ಕಡಿದು, ಅವರು ಕೋಪಿಸಿಕೊಂಡು, ನನ್ನ ಹೆಂಡತಿ ಸಮಾಧಾನ ಹೇಳಬೇಕಾಯಿತು.

ಚಾರ್ಜು ಮಾಡುವ ತಂತಿಯ ವಿಷಯ ಒಂದು ಮಾತು. ನಮ್ಮ ಮನೆಯ ಬೀರುವಿನ ಒಂದು ಖಾನೆಯ ತುಂಬ ಹಳೆಯ ಚಾರ್ಜರುಗಳಿವೆ. ಒಂದರ ಮೂತಿ ಇನ್ನೊಂದರ ಬಾಯಿಗೆ ಹೊಂದುವುದಿಲ್ಲ. ಈಗಿನ ಟೈಪ್‌-ಸಿ ತಂತಿಗೆ ಮೇಲು ಕೆಳಗೆಂಬ ಭೇದವಿಲ್ಲ, ಹೇಗೆ ತುರುಕಿದರೂ ಹೋಗುತ್ತದೆ. ಯುರೋಪ್ ಒಕ್ಕೂಟದ ದೇಶಗಳಲ್ಲಿ ೨೦೨೪ರ ಡಿಸೆಂಬರ್ ೨೮ರಿಂದ ಹೊಸ ಫೋನುಗಳಿಗೆಲ್ಲ ಈ ಒಂದೇ ಬಾಯಿ ಇರಬೇಕೆಂದು ಕಾನೂನಾಗಿದೆ. ಕತ್ತಲೆಯಲ್ಲಿ ತಡಕುವ ಮುದುಕರ ಬೆರಳುಗಳ ಪರವಾಗಿ ನಾನು ಇದನ್ನು ಸ್ವಾಗತಿಸುತ್ತೇನೆ.

ಈ ತುಣುಕುಗಳನ್ನು ಫೋನಿಗೆ ಹೊಂದಿಸುವ ವಿದ್ಯೆಗೆ ಬ್ಲೂಟೂತ್ ಎಂದು ಹೆಸರು. ‘ನೀಲಿ ಹಲ್ಲು’ ಎಂಬ ಹೆಸರಿನ ಮೂಲವನ್ನು ಹುಡುಕಿದಾಗ ನನಗೆ ದೊರಕಿದ್ದು ಒಬ್ಬ ಅರಸ. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನಿಗೆ ಆ ಅಡ್ಡಹೆಸರು. ಡೆನ್ಮಾರ್ಕನ್ನೂ ನಾರ್ವೆಯನ್ನೂ ತನ್ನದಾಗಿಸಿಕೊಂಡೆನೆಂದು ಅವನು ಕಲ್ಲಿನ ಮೇಲೆ ಬರೆಸಿದ್ದಾನೆ. ಆ ಶಾಸನ ಯೆಲ್ಲಿಂಗ್ ಎಂಬ ಊರಿನಲ್ಲಿ ಇಂದಿಗೂ ಇದೆ. ಬೇರೆ ಬೇರೆ ಯಂತ್ರಗಳನ್ನು ಕೂಡಿಸುವ ಈ ವಿದ್ಯೆಗೆ ಅವನ ಹೆಸರನ್ನಿಟ್ಟು ೧೯೯೮ರಲ್ಲಿ ಪ್ರಕಟಿಸಿದರು. ಫೋನಿನ ಮೇಲೆ ತಾವು ಕಾಣುವ ಆ ಚೂಪು ಚೂಪಾದ ಗುರುತು, ಅವನ ಹೆಸರಿನ ಎರಡು ಮೊದಲಕ್ಷರಗಳನ್ನು ಅಲ್ಲಿನ ಪ್ರಾಚೀನ ರೂನ್ ಲಿಪಿಯಲ್ಲಿ ಒಂದಕ್ಕೊಂದು ಹೆಣೆದು ಮಾಡಿದ್ದು. ನಮ್ಮಲ್ಲಿ ಅದನ್ನು ಒತ್ತಕ್ಷರವೆನ್ನುತ್ತಿದ್ದೆವು. ಹಲ್ಮಿಡಿಯ ಶಾಸನವನ್ನು ಅಕ್ಷರ ಅಕ್ಷರವಾಗಿ ಪಾಠ ಹೇಳಿದವನಿಗೆ ಜೇಬಿನೊಳಗೊಂದು ಶಾಸನಲಿಪಿ ಸಿಕ್ಕಿದ್ದು ಸಂತೋಷದ ಸಂಗತಿಯೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಇಯರ್‌ಬಡ್ಸ್‌ಗೆ ಎರಡು ಗುಣಗಳಿವೆ. ಒಂದು, ಹೊರಗಿನ ಗದ್ದಲವನ್ನು ಅಳಿಸುವುದು. ಹೊರಗಿನಿಂದ ಬರುವ ಸದ್ದಿನ ಅಲೆಗೆ ಸರಿಯಾಗಿ ತಿರುವುಮುರುವಾದ ಅಲೆಯೊಂದನ್ನು ಅದು ಹುಟ್ಟಿಸುತ್ತದೆ. ಎರಡೂ ಸೇರಿ ಒಂದನ್ನೊಂದು ನುಂಗುತ್ತವೆ. ಫ್ಯಾನಿನ ಮೊರೆತ, ಬಸ್ಸಿನ ಎಂಜಿನ್ನಿನ ಗೊಗ್ಗರು ಸದ್ದು ಇಂಥವಕ್ಕೆ ಅದು ಸಮರ್ಥ. ಪಕ್ಕದಲ್ಲಿ ಕುಳಿತವರ ಮಾತಿಗೆ ಅಷ್ಟಿಲ್ಲ. ಎರಡನೆಯದು ಅದಕ್ಕೆ ವಿರುದ್ಧವಾದ ಗುಣ: ಕಿವಿ ಮುಚ್ಚಿಯೇ ಇದ್ದರೂ ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು ಒಳಕ್ಕೆ ಬಿಡುವುದು. ಆ ಹಳೆಯ ಕಿತ್ತಳೆ ಗುಂಡಿಯ ಮೊಮ್ಮಗ ಎನ್ನಬಹುದು. ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕುತೂಹಲಕ್ಕೆಂದು ಅದನ್ನು ಚಾಲೂ ಮಾಡಿ, ಫೋನಿನಲ್ಲಿ ಅದರ ಪ್ರಮಾಣವನ್ನು ಹೆಚ್ಚಿಸಿದೆ. ಒಮ್ಮೆಗೆ ಚಟಪಟ ಚಟಪಟ ಎಂಬ ಸದ್ದು. ಬೆಂಕಿ ಹತ್ತಿತೇನೋ ಎಂದು ಬೆಚ್ಚಿದೆ. ಹೆಂಡತಿ ಒಗ್ಗರಣೆ ಹಾಕುತ್ತಿದ್ದಳು, ಸಾಸಿವೆ ಸಿಡಿಯುತ್ತಿತ್ತು. “ಇದೇನು ಸದ್ದು?” ಎಂದೆ. ಅವಳು ನನ್ನ ಮುಖವನ್ನೇ ನೋಡಿ, “ಸಾಸಿವೆ ಕಣ್ರೀ, ದಿನಾ ಸಿಡಿಯತ್ತಲ್ಲ” ಎಂದಳು.

ಎಷ್ಟು ವರ್ಷಗಳಿಂದ ನಮ್ಮ ಮನೆಯ ಒಗ್ಗರಣೆ ನನ್ನ ಪಾಲಿಗೆ ಮೌನವಾಗಿತ್ತೋ ಲೆಕ್ಕ ಸಿಗಲಿಲ್ಲ. ಯಂತ್ರವನ್ನು ಕಳಚಿದೆ, ಸಾಸಿವೆ ನಿಂತಿತು. ಹಾಕಿಕೊಂಡೆ, ಸಿಡಿಯಿತು. ಹೀಗೆ ಮೂರು ಸಲ.

ಅದಾದ ಮೇಲೆ ಕಿವಿಯ ಪರೀಕ್ಷೆಗೆ ಹೋದೆ. ಸದ್ದು ಬಾರದ ಪುಟ್ಟ ಕೋಣೆಯಲ್ಲಿ ಕೂರಿಸಿ, ತಗ್ಗಿನಿಂದ ಏರಿನವರೆಗೆ ಒಂದೊಂದೇ ಸ್ವರವನ್ನು ಕೇಳಿಸಿ, ಕೇಳಿದೊಡನೆ ಗುಂಡಿ ಒತ್ತಲು ಹೇಳುತ್ತಾರೆ. ಫಲಿತಾಂಶವನ್ನು ಒಂದು ನಕ್ಷೆಯಲ್ಲಿ ಗುರುತಿಸುತ್ತಾರೆ: ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿಯ ಕತ್ತರಿ ಗುರುತು. ನನ್ನ ಗೆರೆ ಎಡಗಡೆಯ ತಗ್ಗಿನ ಸ್ವರಗಳಲ್ಲಿ ನೆಟ್ಟಗೆ ನಡೆದು, ಎರಡು ಸಾವಿರ ಹರ್ಟ್ಸ್ ದಾಟಿದೊಡನೆ ಘಟ್ಟ ಇಳಿದಂತೆ ಕೆಳಗೆ ಹೋಗಿತ್ತು. ವಯಸ್ಸಾದವರ ಕಿವುಡು ಸಾಮಾನ್ಯವಾಗಿ ಹೀಗೆಯೇ ಏರು ಸ್ವರಗಳಿಂದ ಆರಂಭವಾಗುತ್ತದೆಯಂತೆ. ಅದರ ಅರ್ಥವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸ್ವರಾಕ್ಷರಗಳ ಬಲವೆಲ್ಲ ತಗ್ಗಿನ ಭಾಗದಲ್ಲಿದೆ. ಸಕಾರ, ಶಕಾರ, ತಕಾರ, ಕಕಾರ ಮೊದಲಾದ ಅಘೋಷ ವ್ಯಂಜನಗಳ ಗುರುತು ಹೆಚ್ಚಾಗಿ ಮೇಲಿನ ಭಾಗದಲ್ಲಿದೆ. ಎಂದರೆ ನನಗೆ ಮಾತು ಕೇಳುತ್ತದೆ, ಆದರೆ ಯಾವ ಮಾತು ಎಂಬುದು ಕೇಳುವುದಿಲ್ಲ. ಕೇಳಿಸದ ವ್ಯಂಜನವನ್ನು ಮನಸ್ಸು ತನಗೆ ತೋಚಿದಂತೆ ತುಂಬಿಕೊಳ್ಳುತ್ತದೆ.

ಹೀಗೆ ತುಂಬಿಕೊಂಡ ಒಂದು ಸಂದರ್ಭ ಆ ನಕ್ಷೆಯನ್ನು ಕಂಡಾಗ ನೆನಪಾಯಿತು. ನಿವೃತ್ತಿಗೆ ಎರಡು ವರ್ಷ ಮೊದಲು ಒಬ್ಬ ತರುಣರ ಪಿಎಚ್.ಡಿ. ಮೌಖಿಕ ಪರೀಕ್ಷೆಗೆ ಪರೀಕ್ಷಕನಾಗಿ ಹೋಗಿದ್ದೆ. ಅವರು ತಮ್ಮ ಪ್ರಬಂಧದ ಎರಡನೆಯ ಅಧ್ಯಾಯವನ್ನು ವಿವರಿಸಲು ತೊಡಗಿ, “ಕವಿಯ ಕಾಲ ಇನ್ನೂ ತೀರ್ಮಾನವಾಗಿಲ್ಲ ಸಾರ್” ಎಂದರು. ಆ ವಾರ ನಾನು ಮಗನ ವಿದ್ಯಾಭ್ಯಾಸಕ್ಕೆ ಮಾಡಿದ್ದ ಬ್ಯಾಂಕಿನ ಕಾಗದಪತ್ರಗಳಲ್ಲಿ ಮುಳುಗಿದ್ದೆ. ನನಗೆ ಕೇಳಿಸಿದ್ದು, “ಕವಿಯ ಸಾಲ ಇನ್ನೂ ತೀರಿಲ್ಲ.” ನಾನು ಗಂಭೀರವಾಗಿಯೇ, “ತೀರದಿದ್ದರೆ ಅದು ಅವನ ತೊಂದರೆ, ನಿಮ್ಮ ಪ್ರಬಂಧಕ್ಕೂ ಅದಕ್ಕೂ ಏನು ಸಂಬಂಧ?” ಎಂದೆ. ಸಭೆ ಗೊಳ್ಳೆಂದು ನಕ್ಕಿತು. ಮೇಷ್ಟ್ರ ವಿನೋದ ಎಂದುಕೊಂಡರು. ಆ ತರುಣರೂ ನಕ್ಕಂತೆ ಮಾಡಿ, ಆ ಅಧ್ಯಾಯವನ್ನು ಬಿಟ್ಟು ಮುಂದಿನದಕ್ಕೆ ಹೋದರು. ನನ್ನ ತಪ್ಪು ಚಹದ ಹೊತ್ತಿಗೆ ನನಗೆ ತಿಳಿಯಿತು. ಕವಿಕಾಲ ನಿರ್ಣಯಕ್ಕಾಗಿ ಅವರು ಮೂರು ವರ್ಷ ಶಾಸನಗಳನ್ನು ಹುಡುಕಿ ಅಲೆದಿದ್ದರೆಂಬುದೂ ತಿಳಿಯಿತು. ಅವರಿಗೆ ಪದವಿ ದೊರೆಯಿತು, ಅದಕ್ಕೇನೂ ಕೊರತೆಯಾಗಲಿಲ್ಲ. ಆದರೆ ನಾನು ಬಾಯಿ ಬಿಡಲಿಲ್ಲ. ಕಿವುಡನೆನಿಸಿಕೊಳ್ಳುವುದಕ್ಕಿಂತ ವಿನೋದಶೀಲನೆನಿಸಿಕೊಳ್ಳುವುದು ಆ ದಿನ ನನಗೆ ಸುಲಭವಾಗಿತ್ತು.

ಇನ್ನು ಶ್ರವಣ ಸಾಧನ. ಕಿವಿಯ ಹಿಂದೆ ಕೂರುವ ಹುಣಸೆಬೀಜದಷ್ಟು ಯಂತ್ರ, ಅಲ್ಲಿಂದ ಕೂದಲೆಳೆಯಂತಹ ತಂತಿ, ಅದರ ತುದಿಯಲ್ಲಿ ಕಿವಿಯೊಳಗೆ ಹೋಗುವ ಪುಟ್ಟ ಸ್ಪೀಕರು. ಇದು ಎಲ್ಲವನ್ನೂ ಒಂದೇ ಸಮನೆ ದೊಡ್ಡದು ಮಾಡುವುದಿಲ್ಲ. ನನ್ನ ನಕ್ಷೆಯಲ್ಲಿ ಎಲ್ಲಿ ಇಳಿಜಾರಿದೆಯೋ ಅಲ್ಲಿ ಮಾತ್ರ ಎತ್ತಿಹಿಡಿಯುತ್ತದೆ. ಮಾರಿದವರು ಈ ಮಹಿಮೆಯನ್ನೆಲ್ಲ ಒಂದು ಗಂಟೆ ಹೇಳಿದರು. ಅದರ ಬಳಗದ ವಿಷಯ ಮಾತ್ರ ಒಂದು ಮಾತೂ ಹೇಳಲಿಲ್ಲ. ಸ್ಪೀಕರಿನ ತುದಿಗೊಂದು ರಬ್ಬರ್ ಟೋಪಿ, ಅದರೊಳಗೆ ಕಿವಿಯ ಗುಗ್ಗೆ ಹೋಗದಂತೆ ತಡೆಯುವ, ಸಾಸಿವೆ ಕಾಳಿನಷ್ಟು ದೊಡ್ಡದಾದ ಜಾಲರಿ, ಅದನ್ನು ಬದಲಿಸಲೊಂದು ಕಡ್ಡಿ, ಉಜ್ಜಲೊಂದು ಕುಂಚ. ಆ ಜಾಲರಿ ಕಟ್ಟಿಕೊಂಡರೆ ಸಹಸ್ರಾರು ರೂಪಾಯಿಯ ಯಂತ್ರ ಮೂಕ. ಎರಡನೆಯ ತಿಂಗಳಲ್ಲಿ ಕೆಟ್ಟಿತೆಂದು ಬಸ್ಸು ಹತ್ತಿ ಹೋದಾಗ, ಅವರು ಅರ್ಧ ನಿಮಿಷದಲ್ಲಿ ಜಾಲರಿ ಬದಲಿಸಿ ಕೈಗಿತ್ತರು. ಮೊದಲೇ ಹೇಳಿದ್ದರೆ ಒಂದು ದಿನದ ಪ್ರಯಾಣ ಉಳಿಯುತ್ತಿತ್ತು.

ಬ್ಯಾಟರಿಯದು ಇನ್ನೊಂದು ವಿಶೇಷ. ಮೆಣಸಿನ ಕಾಳಿಗಿಂತ ತುಸು ದೊಡ್ಡದಾದ ಆ ಬಿಲ್ಲೆಗೆ ಕಂದು ಬಣ್ಣದ ಚೀಟಿ ಅಂಟಿಸಿರುತ್ತಾರೆ. ಅಳತೆಗೊಂದು ಬಣ್ಣ, ನನ್ನದು ೩೧೨ ಎಂಬ ಅಳತೆ. ಚೀಟಿಯನ್ನು ಕಿತ್ತಾಗ ಸಣ್ಣ ರಂಧ್ರಗಳ ಮೂಲಕ ಗಾಳಿ ಒಳಹೊಕ್ಕು, ಅದರೊಳಗಿನ ಸತುವಿನೊಡನೆ ಸೇರಿ ವಿದ್ಯುತ್ತು ಹುಟ್ಟುತ್ತದೆ. ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು. ಒಮ್ಮೆ ಉಸಿರಾಡತೊಡಗಿತೆಂದರೆ, ಬಳಸಲಿ ಬಿಡಲಿ, ಅದರ ಆಯುಸ್ಸು ಕಳೆಯುತ್ತಲೇ ಇರುತ್ತದೆ. ನಮ್ಮ ಶಿವಮೊಗ್ಗೆಯ ಮಳೆಗಾಲಕ್ಕೆ ಇನ್ನೊಂದು ವ್ಯವಸ್ಥೆ ಬೇಕು: ರಾತ್ರಿ ಯಂತ್ರವನ್ನು ತೇವ ಹೀರುವ ಸಿಲಿಕಾ ಹರಳುಗಳ ಡಬ್ಬಿಯಲ್ಲಿ ಮಲಗಿಸಬೇಕು. ಮೊಮ್ಮಗಳು ದಿನವೂ, “ಅಜ್ಜನ ಕಿವಿಗೆ ಹಾಸಿಗೆ ಹಾಸ್ತೀನಿ” ಎಂದು ಆ ಕೆಲಸವನ್ನು ತಾನೇ ವಹಿಸಿಕೊಂಡಿದ್ದಾಳೆ.

ಕೇಳುವುದೂ ಅಭ್ಯಾಸವಾಗಬೇಕು. ಮೊದಲ ವಾರ ದಿನಪತ್ರಿಕೆ ಮಡಿಸಿದರೆ ಒಣಗಿದ ತೆಂಗಿನ ಗರಿ ಎಳೆದಂತೆ ಸದ್ದಾಗುತ್ತಿತ್ತು. ನನ್ನ ಮಾತು ನನಗೇ ಹಂಡೆಯೊಳಗಿನಿಂದ ಬಂದಂತೆ ತೋರುತ್ತಿತ್ತು. ಮದುವೆ ಮನೆಯಲ್ಲಿ ಇಂದಿಗೂ ಅದರಿಂದ ಪೂರ್ಣ ಪ್ರಯೋಜನವಿಲ್ಲ. ವಾಲಗವೂ ಮಾತೂ ಒಟ್ಟಿಗೇ ನುಗ್ಗುತ್ತವೆ. ಹುಟ್ಟಿದ ಕಿವಿಗೆ ಇದು ಸಮನಲ್ಲ.

ಒಂದು ದಿನ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಇಯರ್‌ಬಡ್ಸ್ ಹಾಕಿಕೊಂಡ ಹುಡುಗನೊಬ್ಬ ಕುಳಿತಿದ್ದ. ಕಂಡಕ್ಟರು ಮೂರು ಸಲ ಟಿಕೆಟ್ ಕೇಳಿದರೂ ಅವನಿಗೆ ಕೇಳಿಸಲಿಲ್ಲ. ಕೊನೆಗೆ ನಾನೇ ಅವನ ಭುಜ ತಟ್ಟಿದೆ. ಅವನ ಕಿವಿಯಲ್ಲಿದ್ದದ್ದು ಎಲ್ಲರಿಗೂ ಕಾಣುವಂತಿತ್ತು. ಅದರ ಬಗೆಗೆ ಅವನಿಗೆ ಯಾವ ಸಂಕೋಚವೂ ಇರಲಿಲ್ಲ. ನನ್ನದನ್ನು ನಾನು ಕಾಣದಿರಲೆಂದು ಕೂದಲಿನ ಬಣ್ಣಕ್ಕೆ ಹೊಂದುವ ಬೂದುಬಣ್ಣದಲ್ಲಿ ಆರಿಸಿ ತಂದಿದ್ದೆ. ಮೂವತ್ತು ವರ್ಷಗಳಿಂದ ಅದೇ ಕಿವಿಯ ಮೇಲೆ ಕನ್ನಡಕದ ಕಾಲನ್ನು ಊರಿಕೊಂಡು ತಿರುಗಿದವನು ನಾನು.

ಮೊನ್ನೆ, ಈ ಭಾಷಣವನ್ನು ಬರೆಯುತ್ತಿರುವಾಗ, ಆ ತರುಣರಿಗೆ ಫೋನು ಮಾಡಿದೆ. ಈಗ ಅವರೂ ಒಂದು ಕಾಲೇಜಿನಲ್ಲಿ ಅಧ್ಯಾಪಕರು. ನನ್ನ ಯಂತ್ರಕ್ಕೂ ಆ ಡೆನ್ಮಾರ್ಕಿನ ದೊರೆಯ ವಿದ್ಯೆ ಇದೆಯಾದ್ದರಿಂದ ಅವರ ಧ್ವನಿ ನೇರವಾಗಿ ಕಿವಿಗೇ ಬಂದಿತು. ನಡೆದದ್ದನ್ನು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು, “ಸಾರ್, ನಮ್ಮ ಮೇಷ್ಟ್ರು ಎಂಥಾ ಹಾಸ್ಯಪ್ರಜ್ಞೆಯವರು ಅಂತ ಪ್ರತಿ ವರ್ಷ ಎಂ.ಎ. ಮಕ್ಕಳಿಗೆ ಆ ಸಾಲದ ಮಾತನ್ನ ಹೇಳ್ತಾ ಬಂದಿದೀನಲ್ಲ, ಇನ್ನು ಹೇಳೋದೋ ಬೇಡವೋ?” ಎಂದರು. “ಹೇಳಿ, ಆದರೆ ಸಾಸಿವೆಯ ಸಂಗತಿಯನ್ನೂ ಸೇರಿಸಿ ಹೇಳಿ” ಎಂದೆ. ಆಮೇಲೆ ಅವರ ಎರಡನೆಯ ಅಧ್ಯಾಯವನ್ನು ಕೇಳಿದೆ. ಮುಕ್ಕಾಲು ಗಂಟೆ ಹೇಳಿದರು. ನಡುವೆ ಎಡಗಿವಿಯ ಬ್ಯಾಟರಿ ಮುಗಿಯಿತು; ಉಳಿದದ್ದನ್ನು ಬಲಗಿವಿಯಲ್ಲಿ ಕೇಳಿದೆ.