ಮನಸ್ಸಿಗೆ ನಾವೇ ಹೇಳಿಕೊಳ್ಳುವ ಒಳ್ಳೆಯ ಮಾತು

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಲಸಿಕೆ, ಹಸಿರು ಮೇವು, ಕೆಚ್ಚಲು ಬಾವು ಇವುಗಳ ಬಗ್ಗೆ ಮಾತನಾಡುವುದು ನನ್ನ ಕೆಲಸ. ಇಂದು ರಾಸು ಸಾಕುವವರ ಬಗ್ಗೆಯೇ ನಾಲ್ಕು ಮಾತು. ಕುಡಿತದ ಚಟ ಹೊಕ್ಕ ಮನೆಯಲ್ಲಿ ಹಾಲಿನ ಬಟವಾಡೆ ಹಣ ಎಲ್ಲಿಗೆ ಹೋಗುತ್ತದೆಂದು ನಿಮಗೆಲ್ಲ ಗೊತ್ತು. ಆದರೆ ಕುಡಿಯುವವನ ಮನಸ್ಸಿನಲ್ಲಿ ಏನಿದೆ ಎಂದು ನಾವು ಕೇಳುವುದು ಕಡಿಮೆ.

ಬೇಸರ ಮರೆಯಲು ಕುಡಿಯುತ್ತಾರೆ. ಮದ್ಯವಾದರೋ ಮಿದುಳನ್ನು ಕುಗ್ಗಿಸುವ ವಸ್ತು. ಅಮಲು ಇಳಿದ ಮೇಲೆ ಬೇಸರ ಇನ್ನೂ ಹೆಚ್ಚುತ್ತದೆ. "ನಾನು ಯಾವುದಕ್ಕೂ ಬಾರದವನು" ಎಂದು ಮನಸ್ಸು ಹಂಗಿಸುತ್ತದೆ. ಅದನ್ನು ಮರೆಯಲು ಮತ್ತೆ ಕುಡಿತ. ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರು 1960ರ ದಶಕದಲ್ಲಿ ಖಿನ್ನತೆಗೆ ಒಂದು ಚಿಕಿತ್ಸೆ ರೂಪಿಸಿದರು. ನಮ್ಮ ಬಗ್ಗೆ ನಾವೇ ಆಡಿಕೊಳ್ಳುವ ಇಂಥ ಮಾತು ಎಷ್ಟು ನಿಜವೆಂದು ಪರೀಕ್ಷಿಸಿ ತಿದ್ದಿಕೊಳ್ಳುವುದೇ ಅದರ ತಿರುಳು.

ಹಾಗೆಂದು ಸುಳ್ಳು ಹೊಗಳಿಕೆ ಬೇಡ. 2009ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ, ಕೀಳರಿಮೆಯುಳ್ಳವರು ತಮ್ಮನ್ನು ತಾವೇ ಹೊಗಳಿಕೊಂಡಾಗ ಇನ್ನಷ್ಟು ಕುಗ್ಗಿದ್ದು ಕಂಡುಬಂತು. ಮನಸ್ಸು ನಂಬುವಂಥ ಮಾತೇ ಬೇಕು. ಒಂದು ಮೊಲೆಗೆ ಬಾವು ಬಂದರೆ ಹಸುವೇ ಕೆಟ್ಟಿತು ಎನ್ನುತ್ತೇವೆಯೇ? ಆ ಮೊಲೆಗೆ ಔಷಧಿ ಮಾಡಿಸುತ್ತೇವೆ. ನಮಗೂ ಅದೇ ನ್ಯಾಯ ಇರಲಿ.

1. "ನಾನು ಕೆಟ್ಟವನು" ಎನ್ನುವ ಬದಲು, "ನನಗೊಂದು ಕಾಯಿಲೆ ಇದೆ, ಅದಕ್ಕೆ ಚಿಕಿತ್ಸೆಯೂ ಇದೆ" ಎನ್ನಿ.

2. "ಜನ್ಮದಲ್ಲಿ ಬಿಡಲಾರೆ" ಎನ್ನುವ ಬದಲು, "ಇವತ್ತು ಸಂಜೆ ಡೇರಿಗೆ ಹಾಲು ಹಾಕಿ ನೇರ ಮನೆಗೆ ಹೋಗುತ್ತೇನೆ" ಎನ್ನಿ.

3. ಒಂದು ದಿನ ಜಾರಿದರೆ, "ಎಲ್ಲ ಮುಗಿಯಿತು" ಎನ್ನಬೇಡಿ. "ಇಪ್ಪತ್ತು ದಿನ ಬಿಟ್ಟಿದ್ದೆ, ಇಂದಿನಿಂದ ಮತ್ತೆ ಆರಂಭ" ಎನ್ನಿ.

4. ನಿಮ್ಮ ಹೆಸರು ಹಿಡಿದು, ತಮ್ಮನಿಗೆ ಬುದ್ಧಿ ಹೇಳುವಂತೆ ನಿಮಗೆ ನೀವೇ ಹೇಳಿಕೊಳ್ಳಿ. ಹೀಗೆ ಮಾಡಿದರೆ ಕಳವಳ ತಗ್ಗುತ್ತದೆಂದು 2014ರ ಅಮೆರಿಕದ ಸಂಶೋಧನೆ ತೋರಿಸಿದೆ.

ಮಾತೊಂದೇ ಸಾಲದು. ಬಹುಕಾಲದಿಂದ ಪ್ರತಿದಿನ ಹೆಚ್ಚು ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ಆದ್ದರಿಂದ ವೈದ್ಯರ ಸಲಹೆ ಪಡೆದೇ ಬಿಡಬೇಕು. ಅನೇಕರಿಗೆ ಕುಡಿತ ಬಿಟ್ಟ ಕೆಲವು ವಾರಗಳಲ್ಲಿ ಬೇಸರ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಖಿನ್ನತೆಗೆ ಬೇರೆ ಚಿಕಿತ್ಸೆ ಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ.

ತಾಯಂದಿರೇ, ಅಣ್ಣಂದಿರೇ, ಮನೆಯವರು ದಿನವೂ "ಕುಡುಕ" ಎಂದರೆ ಅವನೂ ತನಗೆ ಅದನ್ನೇ ಹೇಳಿಕೊಳ್ಳುತ್ತಾನೆ. ಬಿಟ್ಟ ದಿನ ಗುರುತಿಸಿ ಒಂದು ಒಳ್ಳೆಯ ಮಾತಾಡಿ. "ಬದುಕಿ ಏನು ಪ್ರಯೋಜನ" ಎಂದು ಆತ ಅಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕವನ್ನು ಬೀಗ ಹಾಕಿಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಕೆಚ್ಚಲು ಬಾವಿಗೆ ಮೊದಲ ದಿನವೇ ಕರೆದರೆ ಹಸು ಉಳಿಯುತ್ತದೆ ಎಂದು ನಾನು ಸದಾ ಹೇಳುತ್ತೇನೆ. ಮನುಷ್ಯರ ವಿಷಯದಲ್ಲೂ ತಡ ಮಾಡಬೇಡಿ.