ವೀಸಾ ವಿಳಂಬ: ದಾವೆ ಹೂಡಬೇಕೇ, ಕಾಯಬೇಕೇ?



ವಿವಾಹವಾಗಿ ಮೂರು ವರ್ಷ ಕಳೆದರೂ ತವರುಮನೆಯಲ್ಲಿಯೇ ಉಳಿದಿರುವ ಮಗಳನ್ನು ಸಮಾಜವು ಪ್ರತಿಯೊಂದು ಸಮಾರಂಭದಲ್ಲಿಯೂ ಕೇಳುವ ಪ್ರಶ್ನೆ ಒಂದೇ: "ಇನ್ನೂ ಹೋಗಲಿಲ್ಲವೇನಮ್ಮಾ?" ಕೇಳುವವರಿಗೆ ಅದು ಕುಶಲಪ್ರಶ್ನೆ. ಉತ್ತರಿಸಬೇಕಾದವಳಿಗೆ ಅಂದಿನ ಊಟವೇ ರುಚಿಸದಂತೆ ಮಾಡುವ ಮಾತು. ಮುಂಬೈ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಅಮೆರಿಕದ ಸಂಬಂಧಗಳು ಹೊಸವಲ್ಲ. ವಿವಾಹಾನಂತರ ವೀಸಾಕ್ಕಾಗಿ ವರ್ಷಗಟ್ಟಲೆ ಕಾಯುವುದೂ ಈಗ ಹೊಸದಲ್ಲ. ಇತ್ತೀಚೆಗೆ ಇಂಥ ಮನೆಗಳಲ್ಲಿ ಏಳುತ್ತಿರುವ ಪ್ರಶ್ನೆಯೆಂದರೆ, ಅಮೆರಿಕ ಸರ್ಕಾರದ ಮೇಲೆಯೇ ದಾವೆ ಹೂಡಬಹುದೇ, ಹೂಡಿದರೆ ಒಳಿತೇ ಎಂಬುದು.

ವಿಷಯವನ್ನು ಸ್ಪಷ್ಟಪಡಿಸಲು ಹಲವು ಮನೆಗಳ ಅನುಭವವನ್ನು ಒಂದಾಗಿಸಿದ ದೃಷ್ಟಾಂತವೊಂದನ್ನು ಇಲ್ಲಿ ಮುಂದಿಡಲಾಗಿದೆ. ಬೆಳಗಾವಿ ಮೂಲದ, ಪುಣೆಯಲ್ಲಿ ಬೆಳೆದ ಮೂವತ್ತೆರಡು ವಯಸ್ಸಿನ ಯುವತಿ. ನ್ಯೂಜೆರ್ಸಿಯಲ್ಲಿರುವ, ಅಮೆರಿಕದ ಪೌರತ್ವ ಪಡೆದ ಪತಿ. ವಿವಾಹವಾದ ತಿಂಗಳಲ್ಲಿಯೇ ಆತ ಪತ್ನಿಯ ಪರವಾಗಿ ಐ-130 ಅರ್ಜಿ ಸಲ್ಲಿಸಿದ. ಅದರ ಅನುಮೋದನೆಗೆ ಹದಿನಾಲ್ಕು ತಿಂಗಳು ಹಿಡಿಯಿತು. ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ದಾಖಲೆಗಳೆಲ್ಲ ಸಲ್ಲಿಕೆಯಾಗಿ, ಮುಂಬೈ ದೂತಾವಾಸದಲ್ಲಿ ಸಂದರ್ಶನವೂ ನಡೆಯಿತು. ಅಧಿಕಾರಿ ನಗುತ್ತಲೇ ಮಾತನಾಡಿದರು. ಕೊನೆಯಲ್ಲಿ 221(ಜಿ) ಎಂಬ ಕಲಮನ್ನು ನಮೂದಿಸಿದ ಚೀಟಿಯೊಂದನ್ನು ಕೈಗಿತ್ತು, ಆಡಳಿತಾತ್ಮಕ ಪರಿಶೀಲನೆ ಬಾಕಿಯಿದೆ ಎಂದರು. ಅಂದಿನಿಂದ ಹದಿನಾರು ತಿಂಗಳು ಕಳೆದಿವೆ. ಜಾಲತಾಣದಲ್ಲಿ ಪ್ರಕರಣದ ಸ್ಥಿತಿಯನ್ನು ನೋಡಿದರೆ ಇಂದಿಗೂ "ನಿರಾಕರಿಸಲಾಗಿದೆ" ಎಂದೇ ಇದೆ. ಸಂದರ್ಶನಕ್ಕೆ ಮುನ್ನವೇ ಆಕೆ ಉದ್ಯೋಗಕ್ಕೆ ರಾಜೀನಾಮೆ ಕೊಟ್ಟಿದ್ದಳು.

ದಾವೆ ಹೂಡೋಣವೆಂಬುದು ಪತಿಯ ಅಭಿಪ್ರಾಯ. "ಸರ್ಕಾರವನ್ನು ಎದುರು ಹಾಕಿಕೊಂಡು ಉದ್ಧಾರವಾದವರುಂಟೇ? ಸಿಟ್ಟಿಗೆದ್ದು ಶಾಶ್ವತವಾಗಿ ಬಾಗಿಲು ಮುಚ್ಚಿದರೆ?" ಎಂಬುದು ಆಕೆಯ ತಂದೆಯ ಭಯ. ಇಬ್ಬರೂ ಪರಸ್ಪರ ದೂರವಾಣಿಯಲ್ಲಿ ವಾದಿಸಿದರು. ಆಕೆಯ ಅಭಿಪ್ರಾಯವನ್ನು ಮಾತ್ರ ಬಹುದಿನಗಳವರೆಗೆ ಯಾರೂ ಕೇಳಲಿಲ್ಲ.

ಈ ಚರ್ಚೆಯಲ್ಲಿ ಮೊದಲು ತಿಳಿಯಬೇಕಾದುದು ಕಡತವು ಎಲ್ಲಿ ನಿಂತಿದೆ ಎಂಬುದನ್ನು. ಅಮೆರಿಕದ ಪೌರನ ಪತ್ನಿಗೆ ಅಥವಾ ಪತಿಗೆ ವಾರ್ಷಿಕ ಸಂಖ್ಯಾಮಿತಿ ಇಲ್ಲ; ಅಲ್ಲಿ ಆಗುವ ವಿಳಂಬವೆಲ್ಲ ಕಚೇರಿಗಳ ವಿಳಂಬ. ಕೇವಲ ಗ್ರೀನ್ ಕಾರ್ಡ್ ಹೊಂದಿದವರ ಸಂಗಾತಿಯ ಸ್ಥಿತಿ ಬೇರೆ. ಅವರು ಎಫ್2ಎ ಎಂಬ ವರ್ಗಕ್ಕೆ ಸೇರುತ್ತಾರೆ. ಅಲ್ಲಿನ ವಾರ್ಷಿಕ ಮಿತಿಯನ್ನು ವಿಧಿಸಿದ್ದು ಸಂಸತ್ತು. ಪ್ರತಿ ತಿಂಗಳು ಪ್ರಕಟವಾಗುವ ವೀಸಾ ಬುಲೆಟಿನ್‌ನಲ್ಲಿ ಸರದಿ ಬಾರದಿದ್ದರೆ ಯಾವ ನ್ಯಾಯಾಲಯವೂ ಆ ಸರದಿಯನ್ನು ಮುಂದಕ್ಕೆ ತಳ್ಳಲಾರದು. ಅಂಥವರಿಗೆ ದಾವೆಗಿಂತ, ಅರ್ಹತೆಯ ಅವಧಿ ತುಂಬಿದೊಡನೆ ಪೌರತ್ವಕ್ಕೆ ಅರ್ಜಿ ಹಾಕುವುದೇ ಹತ್ತಿರದ ದಾರಿ.

ಎರಡನೆಯದಾಗಿ, ದಾವೆಯಿಂದ ಏನು ದೊರೆಯುತ್ತದೆ ಎಂಬುದನ್ನು ತಿಳಿಯಬೇಕು. ಭಾರತದ ಸಂವಿಧಾನದ 226ನೆಯ ವಿಧಿಯಡಿ ಉಚ್ಚ ನ್ಯಾಯಾಲಯಗಳು ನೀಡುವ ಪರಮಾದೇಶ ರಿಟ್ಟಿನ ಪರಿಚಯ ಇಲ್ಲಿ ಅನೇಕರಿಗಿದೆ. ಅಮೆರಿಕದಲ್ಲಿಯೂ ಅದಕ್ಕೆ ಸಮಾನವಾದ ಮ್ಯಾಂಡಮಸ್ ಪರಿಹಾರವಿದೆ. ಅದರೊಡನೆ 1946ರ ಆಡಳಿತ ಕಾರ್ಯವಿಧಾನ ಕಾಯ್ದೆಯನ್ನೂ ವಾದಿಗಳು ಆಧರಿಸುತ್ತಾರೆ. ಅಸಮಂಜಸವಾಗಿ ತಡೆಹಿಡಿದ ಕಾರ್ಯವನ್ನು ಮಾಡುವಂತೆ ಇಲಾಖೆಗೆ ಆಜ್ಞಾಪಿಸುವ ಅಧಿಕಾರವನ್ನು ಅದು ನ್ಯಾಯಾಲಯಕ್ಕೆ ಕೊಟ್ಟಿದೆ. ಆದರೆ ಇಲ್ಲಿ ದೊರೆಯುವ ಪರಮಾವಧಿ ಆಜ್ಞೆ "ತೀರ್ಮಾನ ಮಾಡಿ" ಎಂಬುದು; "ವೀಸಾ ಕೊಡಿ" ಎಂಬುದಲ್ಲ. ತೀರ್ಮಾನವು ನಿರಾಕರಣೆಯೂ ಆಗಬಹುದು. ದೂತಾವಾಸದ ಅಧಿಕಾರಿಯ ನಿರಾಕರಣೆಯನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಪುನರ್ವಿಮರ್ಶಿಸುವುದಿಲ್ಲ. 2024ರ ಜೂನ್‌ನಲ್ಲಿ ಮುನ್ಯೋಸ್ ಪ್ರಕರಣದ ತೀರ್ಪಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಇದನ್ನು ಇನ್ನಷ್ಟು ಬಿಗಿಗೊಳಿಸಿತು. ವಿದೇಶೀಯ ಸಂಗಾತಿಯನ್ನು ದೇಶದೊಳಕ್ಕೆ ಕರೆಸಿಕೊಳ್ಳುವುದು ಪೌರನ ಮೂಲಭೂತ ಸಾಂವಿಧಾನಿಕ ಹಕ್ಕಲ್ಲ ಎಂಬುದೇ ಬಹುಮತದ ನಿಲುವು. ಆ ಪ್ರಕರಣ ನಿರಾಕರಣೆಗೆ ಸಂಬಂಧಿಸಿದ್ದು, ವಿಳಂಬಕ್ಕಲ್ಲ. ಆದರೂ ವಿಳಂಬದ ದಾವೆ ಹೂಡುವವರು ಅದರ ನೆರಳನ್ನು ಮರೆಯಲಾಗದು.

ಮೂರನೆಯ ಪ್ರಶ್ನೆ, ಎಷ್ಟು ಕಾಲ ಕಳೆದರೆ ವಿಳಂಬವು ಅಸಮಂಜಸವೆನಿಸುತ್ತದೆ? ಇದಕ್ಕೆ ಪಂಚಾಂಗದಲ್ಲಿ ಗುರುತಿಟ್ಟ ದಿನವಿಲ್ಲ. ವಲಸೆ ಸೌಲಭ್ಯದ ಅರ್ಜಿಗಳು 180 ದಿನಗಳೊಳಗೆ ಇತ್ಯರ್ಥವಾಗಬೇಕೆಂಬ ಆಶಯವನ್ನು ಅಲ್ಲಿನ ಸಂಸತ್ತು 2000ದಲ್ಲಿ ಕಾನೂನಿನಲ್ಲಿ ಬರೆದಿದೆ. ನ್ಯಾಯಾಧೀಶರು ಸಾಮಾನ್ಯವಾಗಿ ಅದನ್ನು ಆಶಯವೆಂದೇ ಓದುತ್ತಾರೆ, ಗಡುವೆಂದಲ್ಲ. ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು 1984ರಲ್ಲಿ, ದೂರಸಂಪರ್ಕಕ್ಕೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ, ಆರು ಅಂಶಗಳ ಅಳತೆಗೋಲನ್ನು ರೂಪಿಸಿತು. ಟ್ರ್ಯಾಕ್ ಅಂಶಗಳೆಂದು ಕರೆಯಲಾಗುವ ಅವುಗಳೇ ಇಂದಿಗೂ ಬಳಕೆಯಲ್ಲಿವೆ. ಇಲಾಖೆಯ ಕಾಲಕ್ರಮಕ್ಕೆ ಒಂದು ತರ್ಕವಿದೆಯೇ, ವಿಳಂಬದಿಂದ ಮನುಷ್ಯರ ಆರೋಗ್ಯ ಮತ್ತು ಕ್ಷೇಮಕ್ಕೆ ಹಾನಿಯಾಗುತ್ತಿದೆಯೇ, ಈ ಒಬ್ಬರ ಕಡತವನ್ನು ಮುಂದೆ ತಂದರೆ ಸಾಲಿನಲ್ಲಿರುವ ಉಳಿದವರು ಹಿಂದೆ ಬೀಳುವರೇ ಎಂಬಂಥ ಪ್ರಶ್ನೆಗಳು ಅಲ್ಲಿವೆ. ಕೊನೆಯ ಪ್ರಶ್ನೆಯಲ್ಲಿಯೇ ಬಹಳಷ್ಟು ವಾದಿಗಳು ಎಡವುತ್ತಾರೆ. ಸಂದರ್ಶನದ ದಿನಾಂಕಕ್ಕಾಗಿ ಸಾಲಿನಲ್ಲಿ ಕಾಯುತ್ತಿರುವವರ ದಾವೆಯು "ಎಲ್ಲರಿಗಿಂತ ಮೊದಲು ನನ್ನನ್ನು ಕರೆಯಿರಿ" ಎಂಬ ಬೇಡಿಕೆಯಾಗಿ ಕಾಣುತ್ತದೆ. ಎರಡು ಮೂರು ವರ್ಷಗಳ ವಿಳಂಬವನ್ನೂ ಸಹನೀಯವೆಂದ ತೀರ್ಪುಗಳಿವೆ.

ಸಂದರ್ಶನ ಮುಗಿದು 221(ಜಿ) ಅಡಿ ನಿಂತ ಕಡತಗಳಲ್ಲಿ ತೊಡಕು ಮತ್ತೊಂದು ಬಗೆಯದು. "ವೀಸಾವನ್ನು ಆಗಲೇ ನಿರಾಕರಿಸಿದ್ದೇವೆ, ಮತ್ತೊಮ್ಮೆ ತೀರ್ಮಾನಿಸುವ ಕರ್ತವ್ಯ ನಮಗಿಲ್ಲ" ಎಂದು ಸರ್ಕಾರ ವಾದಿಸುತ್ತದೆ. ಪರಿಶೀಲನೆ ಇನ್ನೂ ನಡೆಯುತ್ತಿದೆ ಎಂದು ಅರ್ಜಿದಾರರಿಗೆ ಹೇಳುವ ಸರ್ಕಾರವೇ, ಎಲ್ಲವೂ ಮುಗಿದಿದೆ ಎಂದು ನ್ಯಾಯಾಲಯಕ್ಕೆ ಹೇಳುವುದು ವಿಚಿತ್ರವಾಗಿ ತೋರಬಹುದು. ಆದರೆ ವಾಷಿಂಗ್ಟನ್ನಿನ ಅದೇ ಮೇಲ್ಮನವಿ ನ್ಯಾಯಾಲಯವು 2024ರ ಜುಲೈನಲ್ಲಿ ಕರೀಮೋವಾ ಪ್ರಕರಣದಲ್ಲಿ ಸರ್ಕಾರದ ಈ ವಾದವನ್ನು ಒಪ್ಪಿತು. ಆ ತೀರ್ಪನ್ನು ಅನುಸರಿಸಿದ ನ್ಯಾಯಾಧೀಶರೂ ಇದ್ದಾರೆ, ಬೇರೆ ನಿಲುವು ತಳೆದವರೂ ಇದ್ದಾರೆ. ಆದ್ದರಿಂದ ಎಲ್ಲಿ ದಾವೆ ಹೂಡಬೇಕು ಎಂಬುದು ಹೂಡಬೇಕೇ ಎಂಬುದರಷ್ಟೇ ಮುಖ್ಯ. ವಾಷಿಂಗ್ಟನ್ನಿಗೇ ಹೋಗಬೇಕೆಂಬ ನಿಯಮವಿಲ್ಲ. ವಾದಿಯು ವಾಸಿಸುವ ಜಿಲ್ಲೆಯ ಫೆಡರಲ್ ನ್ಯಾಯಾಲಯದಲ್ಲಿಯೂ ಹೂಡಬಹುದು.

ಇನ್ನು ಜಮಾಖರ್ಚಿನ ವಿಚಾರ. ಐ-130 ಅರ್ಜಿಗೆ ಆನ್‌ಲೈನಿನಲ್ಲಿ 625 ಡಾಲರ್, ವೀಸಾ ಅರ್ಜಿಗೆ 325, ಆರ್ಥಿಕ ಬೆಂಬಲದ ಪ್ರಮಾಣಪತ್ರದ ಪರಿಶೀಲನೆಗೆ 120. ಒಟ್ಟು 1,070 ಡಾಲರ್ ಶುಲ್ಕವನ್ನು ಈ ದಂಪತಿ ಈಗಾಗಲೇ ಕಟ್ಟಿದ್ದಾರೆ. ದಾವೆಯ ದಾಖಲಾತಿ ಶುಲ್ಕ 405 ಡಾಲರ್. ವಕೀಲರ ಶುಲ್ಕ ಅದರ ಹಲವು ಪಟ್ಟು. ಗೆದ್ದರೆ ಸರ್ಕಾರವೇ ವಕೀಲರ ಶುಲ್ಕ ಭರಿಸುತ್ತದೆ ಎಂದು ಕೆಲವರು ನಂಬಿದ್ದಾರೆ. 1980ರ ಕಾಯ್ದೆಯೊಂದರಲ್ಲಿ ಅಂಥ ಅವಕಾಶವಿರುವುದು ನಿಜ. ಆದರೆ ದಾವೆ ಹೂಡಿದ ಮೇಲೆ ಸರ್ಕಾರ ತಾನಾಗಿಯೇ ಕಡತವನ್ನು ಇತ್ಯರ್ಥಪಡಿಸಿದರೆ, ನ್ಯಾಯಾಲಯದ ಆದೇಶವೇ ಇಲ್ಲದ ಕಾರಣ ವಾದಿಯನ್ನು ಗೆದ್ದವನೆಂದು ಪರಿಗಣಿಸುವುದಿಲ್ಲ. ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಬಕಾನನ್ ಪ್ರಕರಣದಲ್ಲಿ ಹಾಕಿಕೊಟ್ಟ ಸೂತ್ರವಿದು. ವಿಳಂಬದ ದಾವೆಗಳಲ್ಲಿ ಅತ್ಯಂತ ಸುಖದ ಮುಕ್ತಾಯವೇ ಈ ಬಗೆಯದು. ಆದುದರಿಂದ ಖರ್ಚು ಹಿಂತಿರುಗುವುದೆಂದು ಎಣಿಸದೆ ಲೆಕ್ಕ ಹಾಕುವುದೇ ವಿವೇಕ.

ಆದರೆ ಕಾಯುವುದಕ್ಕೂ ಖರ್ಚಿದೆ. ಯಾವ ಪುಸ್ತಕದಲ್ಲಿಯೂ ಅದು ನಮೂದಾಗುವುದಿಲ್ಲವಾದ್ದರಿಂದ ಅದನ್ನು ಸೊನ್ನೆ ಎಂದು ಭಾವಿಸಲಾಗುತ್ತದೆ. ವೈದ್ಯಕೀಯ ತಪಾಸಣೆಯ ವರದಿ ಸಾಮಾನ್ಯವಾಗಿ ಆರು ತಿಂಗಳಲ್ಲಿ ಅವಧಿ ಮೀರುತ್ತದೆ, ಮತ್ತೆ ಮಾಡಿಸಬೇಕು. ಪತಿಯ ವರ್ಷಕ್ಕೆರಡು ವಿಮಾನಯಾನ, ಎರಡು ಮನೆಗಳ ಬಾಡಿಗೆ, ಆಕೆ ಬಿಟ್ಟುಕೊಟ್ಟ ಸಂಬಳ. ಇವೆಲ್ಲಕ್ಕಿಂತ ಮಿಗಿಲಾಗಿ, ಮಗು ಬೇಕೆಂದಿರುವ ಮೂವತ್ತೆರಡರ ಹೆಣ್ಣಿಗೆ ಪ್ರತಿ ವರ್ಷವೂ ಮರಳಿ ಬಾರದ ವ್ಯಯ. ವಿಳಂಬದಿಂದ ಆದ ಲಾಭ ಒಂದೇ: ವಿವಾಹವಾಗಿ ಎರಡು ವರ್ಷ ಮೀರಿದ ಮೇಲೆ ಪ್ರವೇಶಿಸುವ ಸಂಗಾತಿಗೆ ಎರಡು ವರ್ಷಗಳ ಷರತ್ತಿನ ಗ್ರೀನ್ ಕಾರ್ಡ್ ಬದಲು ಹತ್ತು ವರ್ಷಗಳ ಕಾರ್ಡ್ ದೊರೆಯುತ್ತದೆ.

ಮುಯ್ಯಿ ತೀರಿಸಿಕೊಳ್ಳುವರೆಂಬ ತಂದೆಯ ಭಯಕ್ಕೂ ಉತ್ತರ ಹೇಳಬೇಕು. ವೀಸಾ ನಿರಾಕರಿಸಲು ಕಾನೂನಿನಲ್ಲಿ ಹೇಳಿದ ಕಾರಣಗಳು ಬೇಕು. ಪತಿ ದಾವೆ ಹೂಡಿದನೆಂಬುದು ಆ ಪಟ್ಟಿಯಲ್ಲಿಲ್ಲ. ಆದರೆ ಕಡತದಲ್ಲಿಯೇ ದೋಷವಿದ್ದರೆ ದಾವೆಯು ಆ ದೋಷವನ್ನು ಬೇಗ ಬೆಳಕಿಗೆ ತರುತ್ತದೆ. ಹಿಂದೆ ನಿರಾಕೃತವಾದ ವೀಸಾವನ್ನು ಮುಚ್ಚಿಟ್ಟಿರುವುದು, ಅವಧಿ ಮೀರಿ ಅಲ್ಲಿ ತಂಗಿರುವುದು, ಹಿಂದಿನ ವಿವಾಹದ ವಿಚ್ಛೇದನಪತ್ರ ಸರಿಯಿಲ್ಲದಿರುವುದು, ಇವುಗಳಲ್ಲಿ ಒಂದಿದ್ದರೂ ಮೊದಲು ವಲಸೆ ವಕೀಲರಿಗೆ ತೋರಿಸಬೇಕು. ಸುಳ್ಳು ಹೇಳಿಕೆಯೆಂದು ಅಧಿಕಾರಿ ತೀರ್ಮಾನಿಸಿದರೆ ಅದರ ಫಲ ಜೀವನಪರ್ಯಂತ ಕಾಡಬಲ್ಲದು. ಅನ್ಯರ ಮೇಲೆ ದಾವೆ ಹೂಡುವ ಮೊದಲು ಸ್ವಂತ ಕಡತದ ಲೆಕ್ಕಪರಿಶೋಧನೆ ಆಗಬೇಕು.

ದೃಷ್ಟಾಂತದ ಯುವತಿ ಮಾಡಿದ್ದು ಇದನ್ನೇ. ಒಂದು ರಾತ್ರಿ ಪತಿ ಮತ್ತು ತಂದೆ ಇಬ್ಬರೂ ದೂರವಾಣಿಯಲ್ಲಿದ್ದಾಗ ಆಕೆ ಕೇಳಿದಳು: "ಅಪ್ಪಾಜಿ, ನಿರಾಕರಣೆ ಬಂದರೆ ಬರುವುದು ಯಾರ ಹೆಸರಿಗೆ?" ಇಬ್ಬರೂ ಸುಮ್ಮನಾದರು. ದಾವೆಯಲ್ಲಿ ವಾದಿಯೆಂದು ಪತಿಯ ಹೆಸರು ಮುಂದಿರಬಹುದು. ಶುಲ್ಕವನ್ನೂ ಆತನೇ ಕೊಡಬಹುದು. ಪರೀಕ್ಷೆಗೆ ಒಳಗಾಗುವ ಕಡತ ಪತ್ನಿಯದು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಆಕೆಯ ವಿದ್ಯಾರ್ಥಿ ವೀಸಾ ಒಮ್ಮೆ ನಿರಾಕೃತವಾಗಿತ್ತು. ವಲಸೆ ವೀಸಾದ ನಮೂನೆಯನ್ನು ತುಂಬಿದವನು ಏಜೆಂಟ್. ಅದನ್ನು ಆತ ನಮೂದಿಸಿದ್ದನೋ ಇಲ್ಲವೋ ಎಂಬುದನ್ನು ಆಕೆ ಹದಿನಾರು ತಿಂಗಳು ಮನಸ್ಸಿನಲ್ಲಿಯೇ ಇಟ್ಟುಕೊಂಡು ನಿದ್ರೆಗೆಟ್ಟಿದ್ದಳು. ಮರುದಿನವೇ ಪ್ರತಿ ತರಿಸಿ ನೋಡಿದಳು, ನಮೂದಾಗಿತ್ತು.

ಆಮೇಲೆ ಅವರ ನಡೆ ಕ್ರಮಬದ್ಧವಾಯಿತು. ದೂತಾವಾಸಕ್ಕೆ ಬರೆದ ಪತ್ರಗಳನ್ನು, ಬಂದ ಯಾಂತ್ರಿಕ ಉತ್ತರಗಳನ್ನು ದಿನಾಂಕವಾರು ಜೋಡಿಸಿದರು. ಪತಿ ತನ್ನ ಕ್ಷೇತ್ರದ ಸಂಸತ್ ಸದಸ್ಯರ ಕಚೇರಿಯ ಮೂಲಕ ವಿಚಾರಣೆ ಮಾಡಿಸಿದ, ಇದಕ್ಕೆ ಶುಲ್ಕವಿಲ್ಲ. ಬಳಿಕ ವಕೀಲರು ಮೂವತ್ತು ದಿನಗಳ ಗಡುವಿತ್ತು ನೋಟೀಸು ಕಳುಹಿಸಿದರು. ಉತ್ತರ ಬಾರದಿದ್ದಾಗ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯದಲ್ಲಿ ದಾವೆ ದಾಖಲಾಯಿತು. ಸಮನ್ಸು ಜಾರಿಯಾದ ಮೇಲೆ ಉತ್ತರಿಸಲು ಸರ್ಕಾರಕ್ಕೆ 60 ದಿನಗಳ ಅವಕಾಶವಿರುತ್ತದೆ. ಕೇಳಿದರೆ ಹೆಚ್ಚುವರಿ ಕಾಲವೂ ಸಿಗುತ್ತದೆ. ಆ ಅವಧಿಯಲ್ಲಿಯೇ ಕಡತ ಅಲುಗಿ, ವೀಸಾ ಬಂದ ಉದಾಹರಣೆಗಳಿವೆ. ದಾವೆ ವಜಾಗೊಂಡ ಉದಾಹರಣೆಗಳೂ ಇವೆ. ಎರಡಕ್ಕೂ ಆಕೆ ಸಿದ್ಧಳಾಗಿದ್ದಾಳೆ. ಪುಣೆಯಲ್ಲಿಯೇ ಮತ್ತೆ ಉದ್ಯೋಗಕ್ಕೆ ಸೇರಿದ್ದಾಳೆ. ನಿರಾಕರಣೆಯೇ ಬಂದರೆ ಪತಿ ಭಾರತಕ್ಕೆ ಮರಳಬಲ್ಲನೇ ಎಂಬುದನ್ನೂ ದಂಪತಿ ದಾವೆಗೆ ಮೊದಲೇ ಮಾತನಾಡಿ ತೀರ್ಮಾನಿಸಿದ್ದಾರೆ.

ಎಲ್ಲರೂ ದಾವೆ ಹೂಡಬೇಕೆಂಬುದು ಈ ದೃಷ್ಟಾಂತದ ತಾತ್ಪರ್ಯವಲ್ಲ. ಆರು ತಿಂಗಳ ಹಿಂದೆ ಅರ್ಜಿ ಹಾಕಿದವರಿಗೆ, ಸಂಖ್ಯಾಮಿತಿಯ ಸರದಿಯಲ್ಲಿರುವವರಿಗೆ, ಕಡತದಲ್ಲಿ ತೊಡಕಿರುವವರಿಗೆ ತಾಳ್ಮೆಯೇ ಲೇಸಾಗಬಹುದು. ಶುಲ್ಕ ಪಡೆದು ಸಂದರ್ಶನ ನಡೆಸಿದ ಸರ್ಕಾರ ಹೌದು ಅಥವಾ ಅಲ್ಲ ಎಂಬ ಉತ್ತರವನ್ನಾದರೂ ಕೊಡಬೇಕು. ಆ ಉತ್ತರವನ್ನು ನ್ಯಾಯಾಲಯದಲ್ಲಿ ಕೇಳುವುದು ಉದ್ಧಟತನವಲ್ಲ. ಯಾವ ಉತ್ತರ ಬಂದರೂ ತಾಳಿಕೊಳ್ಳುವ ಸಿದ್ಧತೆಯಿಲ್ಲದೆ ಕೇಳುವುದು ಮಾತ್ರ ಅವಿವೇಕ.

ಸಮಾಜಕ್ಕೂ ಇಲ್ಲಿ ಕೆಲಸವಿದೆ. ವಧೂವರರ ಸಮಾವೇಶಗಳಲ್ಲಿ ವರನ ಸಂಬಳವನ್ನು ವಿಚಾರಿಸುವ ಹಿರಿಯರು, ಆತ ಪೌರನೋ ಗ್ರೀನ್ ಕಾರ್ಡ್ ಹೊಂದಿದವನೋ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿರುವವನೋ ಎಂಬುದನ್ನೂ, ಅದರಂತೆ ಎಷ್ಟು ಕಾಲ ಕಾಯಬೇಕಾದೀತೆಂಬುದನ್ನೂ ನಿಶ್ಚಿತಾರ್ಥಕ್ಕೆ ಮುನ್ನವೇ ವಿಚಾರಿಸಲಿ. ವೀಸಾ ಕೈಸೇರುವವರೆಗೆ ಮಗಳ ಉದ್ಯೋಗವನ್ನು ಬಿಡಿಸದಿರಲಿ. ಕಾಯುತ್ತಿರುವ ಹೆಣ್ಣುಮಕ್ಕಳನ್ನು ಮುಂದಿನ ಸಮಾರಂಭದಲ್ಲಿ ಕಂಡಾಗ "ಇನ್ನೂ ಹೋಗಲಿಲ್ಲವೇ" ಎಂದು ಕೇಳುವ ಬದಲು, "ನಿನ್ನ ಕೆಲಸ ಹೇಗೆ ನಡೆಯುತ್ತಿದೆಯಮ್ಮಾ?" ಎಂದು ಕೇಳಲಿ. ಅದಕ್ಕೆ ಆಕೆಯ ಬಳಿ ಉತ್ತರವಿರುತ್ತದೆ.